ಈ ಮಾಡ್ಯೂಲ್ ಇಲ್ಲಿ ಹಾಕಿದ್ದು ಯಾರು? ಪರ್ಲ್, ಸಿಪ್ಯಾನ್ ಮತ್ತು ದೆಹಲಿಯ ಹಳೇ ಸರ್ವರ್‌ಗಳ ಕಥೆ

ಹೋದ ವಾರದ ಮಾತಿನ ಬರಹ ರೂಪ ಇದು. ಮೆಟ್ರೋದಲ್ಲಿ ನಿಂತ್ಕೊಂಡು ಕೇಳೋಕೆ ಆಗಲ್ಲ, ಓದೋಕೆ ಕೊಡಿ ಅಂತ ತುಂಬಾ ಜನ ಕೇಳ್ತೀರಿ, ಅದಕ್ಕೆ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡಬೇಕಾದ ರೂಪ ವಿಡಿಯೊದ ಸ್ಕ್ರೀನ್ ಮೇಲಿದೆ.

ಈ ಸಲದ ವಿಷಯ ಪರ್ಲ್ ಮಾಡ್ಯೂಲ್. ಲಿನಕ್ಸ್ ಮೇಲೆ ಅದನ್ನ ಹುಡುಕೋದು, ಹಾಕೋದು, ಹಾಕಿದ್ದು ಯಾರು ಅಂತ ಪತ್ತೆ ಮಾಡೋದು. "ಪರ್ಲಾ? ಅದಿನ್ನೂ ಇದೆಯಾ ಗುರೂ?" ಅನ್ನುವವರು ನಿಮ್ಮ ಆಫೀಸಿನ ಯಾವುದಾದರೂ ಹಳೇ ಲಿನಕ್ಸ್ ಮಷೀನಿಗೆ ಹೋಗಿ ಕ್ರಾನ್ ಪಟ್ಟಿ ತೆಗೆದು ನೋಡಿ. ನೊಯ್ಡಾ, ಗುರುಗ್ರಾಮ, ಓಖ್ಲಾ ಕಡೆಯ ಬ್ಯಾಕ್ ಆಫೀಸ್‌ಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು, ಫೈಲ್ ಎಣಿಸಿ, ರಿಪೋರ್ಟ್ ಮಾಡಿ, ಮೇಲ್ ಕಳಿಸಿ ಮತ್ತೆ ಮಲಗುವ ಸ್ಕ್ರಿಪ್ಟ್‌ಗಳಲ್ಲಿ ಡಾಟ್ ಪಿಎಲ್ ಅಂತ ಮುಗಿಯುವವು ಇನ್ನೂ ಸಿಗ್ತವೆ. ಬರೆದವರು ಮಾತ್ರ ಸಿಗಲ್ಲ. ಊರು ಬಿಟ್ಟು ಇಲ್ಲಿಗೆ ಬಂದ ನಾವು ಎರಡು-ಮೂರು ವರ್ಷಕ್ಕೆ ಕಂಪನಿ ಬದಲಿಸ್ತೀವಿ, ಅವಕಾಶ ಸಿಕ್ಕರೆ ಬೆಂಗಳೂರಿಗೆ ಟ್ರಾನ್ಸ್‌ಫರ್ ತಗೊಂಡು ಹೊರಟೇ ಬಿಡ್ತೀವಿ. ಮಷೀನ್ ಇಲ್ಲೇ ಇರುತ್ತೆ.

ಇಂಥ ಕಡೆ ಕಥೆ ಶುರುವಾಗೋದು ಸಾಮಾನ್ಯವಾಗಿ ಒಂದು ಎರರ್‌ನಿಂದ. ಸ್ಕ್ರಿಪ್ಟ್ ಓಡಿಸಿದರೆ ಇಂಥ ಫೈಲ್ ಅಟ್-ಇಂಕ್‌ನಲ್ಲಿ ಸಿಗಲಿಲ್ಲ ಅಂತ ಹೇಳಿ ನಿಂತುಬಿಡುತ್ತೆ, ಪಕ್ಕದಲ್ಲಿ ಒಂದು ಉದ್ದ ಡೈರೆಕ್ಟರಿ ಪಟ್ಟಿ. ಅಟ್-ಇಂಕ್ ಅಂದರೆ ಪರ್ಲ್ ತನ್ನ ಮಾಡ್ಯೂಲ್‌ಗಳನ್ನು ಹುಡುಕುವ ಜಾಗಗಳ ಪಟ್ಟಿ. ಮಾಡ್ಯೂಲಿನ ಹೆಸರಲ್ಲಿ ಜೋಡಿ ಕೋಲನ್ ಇರುವ ಕಡೆಯೆಲ್ಲ ಡೈರೆಕ್ಟರಿ ಗೆರೆ ಹಾಕಿ, ಕೊನೆಗೆ ಡಾಟ್ ಪಿಎಂ ಸೇರಿಸಿ, ಪಟ್ಟಿಯ ಮೊದಲ ಜಾಗದಿಂದ ಕೊನೆಯ ಜಾಗದವರೆಗೆ ಒಂದೊಂದೇ ಬಾಗಿಲು ತಟ್ಟುತ್ತೆ. ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ತಗೊಳ್ಳುತ್ತೆ, ಮುಂದಿನ ಮನೆಯಲ್ಲಿ ಅದರ ಹೊಸ ಆವೃತ್ತಿ ಇದೆಯೋ ಇಲ್ಲವೋ ನೋಡಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 2013ರಲ್ಲಿ ಬಂದ 5.18ರಿಂದ ಈ ಎರರ್‌ಗೆ "ನೀವು ಈ ಮಾಡ್ಯೂಲ್ ಹಾಕಬೇಕಾಗಬಹುದು" ಅನ್ನೋ ಸುಳಿವೂ ಸೇರಿತು. ಅದಕ್ಕಿಂತ ಹಳೇ ಪರ್ಲ್ ಬರೀ "ಸಿಗಲಿಲ್ಲ" ಅಂದು ಸುಮ್ಮನಾಗ್ತಿತ್ತು.

ಸರಿ, ಆ ಮಾಡ್ಯೂಲ್ ಬರೋದಾದರೂ ಎಲ್ಲಿಂದ? ಪರ್ಲ್ ಹುಟ್ಟಿದ್ದು 1987ರ ಡಿಸೆಂಬರ್ 18ಕ್ಕೆ. ಅದನ್ನ ಮಾಡಿದ ಲ್ಯಾರಿ ವಾಲ್ ಭಾಷಾಶಾಸ್ತ್ರ ಓದಿದವರು. ಮೊದಲ ಏಳು ವರ್ಷ ನಾವು ಇವತ್ತು ಹೇಳುವ ಅರ್ಥದ ಮಾಡ್ಯೂಲ್ ಅಲ್ಲಿ ಇರಲೇ ಇಲ್ಲ. 1994ರ ಅಕ್ಟೋಬರ್‌ನಲ್ಲಿ ಪರ್ಲ್ 5 ಬಂದಾಗ ಮಾಡ್ಯೂಲ್, ಆಬ್ಜೆಕ್ಟ್, ಸಿ ಭಾಷೆಯ ಲೈಬ್ರರಿಗಳನ್ನು ಒಳಗೆ ಎಳೆದುಕೊಳ್ಳುವ ಎಕ್ಸ್‌ಎಸ್ ಅನ್ನೋ ಸೇತುವೆ, ಎಲ್ಲ ಒಟ್ಟಿಗೆ ಬಂದವು. ಜನ ಬರೆಯೋಕೆ ಶುರು ಮಾಡಿದರು. ಬರೆದಿದ್ದನ್ನ ಇಡೋದೆಲ್ಲಿ ಅನ್ನೋದು ಮುಂದಿನ ಪ್ರಶ್ನೆ. ಒಬ್ಬೊಬ್ಬರದು ಒಂದೊಂದು ಯೂನಿವರ್ಸಿಟಿಯ ಎಫ್‌ಟಿಪಿ ಮೂಲೆಯಲ್ಲಿ.

ಟೆಕ್ ಅನ್ನೋ ಅಕ್ಷರಜೋಡಣೆ ವ್ಯವಸ್ಥೆಯವರು ಇದೇ ತೊಂದರೆಗೆ ಆಗಲೇ ಒಂದು ಪರಿಹಾರ ಕಂಡುಕೊಂಡಿದ್ದರು. ಎಲ್ಲವನ್ನೂ ಒಂದೇ ಮರದಂಥ ಡೈರೆಕ್ಟರಿಯಲ್ಲಿ ಜೋಡಿಸಿ, ಆ ಮರವನ್ನೇ ಬೇರೆ ಬೇರೆ ದೇಶಗಳ ಸರ್ವರ್‌ಗಳಿಗೆ ನಕಲು ಮಾಡೋದು. ಅದರ ಹೆಸರು ಸಿಟ್ಯಾನ್. ಅದೇ ಮಾದರಿ ಹಿಡಿದು ಫಿನ್‌ಲ್ಯಾಂಡಿನ ಯಾರ್ಕೊ ಹಿಯೆತನಿಯೆಮಿ ಅಲ್ಲಿನ ಫುನೆಟ್ ಸರ್ವರ್ ಮೇಲೆ ಪರ್ಲ್‌ಗಾಗಿ ಒಂದು ಮರ ಕಟ್ಟಿದರು. 1995ರ ಅಕ್ಟೋಬರ್ 26ಕ್ಕೆ ಅದು ಸಾರ್ವಜನಿಕವಾಗಿ ತೆರೆಯಿತು. ಇದೇ ಸಿಪ್ಯಾನ್. ಲೇಖಕರು ಕೋಡ್ ಸಲ್ಲಿಸುವ ಪಾಸ್ ಅನ್ನೋ ಸರ್ವರ್ ಕಟ್ಟಿದ್ದು ಜರ್ಮನಿಯ ಆಂಡ್ರೆಯಾಸ್ ಕೋನಿಗ್. ಯಾವ ಮಾಡ್ಯೂಲಿಗೆ ಯಾವ ಹೆಸರು ಅನ್ನೋ ಪಟ್ಟಿ ನೋಡಿಕೊಂಡವರಲ್ಲಿ ಮುಖ್ಯರು ಟಿಮ್ ಬನ್ಸ್. ಡೇಟಾಬೇಸ್‌ಗೆ ಮಾತಾಡುವ ಡಿಬಿಐ ಬರೆದವರೂ ಅವರೇ. ಯಾರಿಗೂ ಇದು ನೌಕರಿ ಆಗಿರಲಿಲ್ಲ.

ನಮ್ಮ ಕಡೆ ಏನಾಗ್ತಿತ್ತು ನೋಡಿ. ವಿಎಸ್‌ಎನ್‌ಎಲ್ ಸಾಮಾನ್ಯ ಜನರಿಗೆ ಇಂಟರ್ನೆಟ್ ಕೊಡೋಕೆ ಶುರು ಮಾಡಿದ್ದು 1995ರ ಆಗಸ್ಟ್ 15ಕ್ಕೆ, ದೆಹಲಿಯೂ ಆ ಮೊದಲ ನಗರಗಳಲ್ಲಿ ಒಂದು. ಅಂದರೆ ದೆಹಲಿಯ ಮನೆಗೆ ಇಂಟರ್ನೆಟ್ ಬಂದು ಎರಡೂಕಾಲು ತಿಂಗಳಿಗೆ ಸಿಪ್ಯಾನ್ ತೆರೆದಿದೆ. ಇಬ್ಬರೂ ಒಂದೇ ವಯಸ್ಸಿನವರು. ಆದರೆ ಮೋಡೆಮ್ ಕಿರುಚಿಕೊಂಡು ಕನೆಕ್ಟ್ ಆಗಿ, ಗಂಟೆ ಲೆಕ್ಕದಲ್ಲಿ ದುಡ್ಡು ಹೋಗುವ ಕಾಲ. ಒಂದು ಮಾಡ್ಯೂಲ್ ಇನ್ನೊಂದನ್ನ ಕೇಳುತ್ತೆ, ಅದು ಮತ್ತೊಂದನ್ನ. ಮಧ್ಯದಲ್ಲಿ ಲೈನ್ ಕಟ್ ಆದರೆ ಮೊದಲಿಂದ.

ಆದ್ದರಿಂದ ಈ ಊರಿನಲ್ಲಿ ಲಿನಕ್ಸ್ ಹೆಚ್ಚಾಗಿ ಬಂದಿದ್ದು ತಂತಿಯಲ್ಲಿ ಅಲ್ಲ, ಸಿಡಿಯಲ್ಲಿ. ಸೈಬರ್‌ಮೀಡಿಯಾದವರ ಪಿಸಿ ಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿಗಳನ್ನು ಅಂಟಿಸಿ ಕೊಡ್ತಿತ್ತು. ಅದರ ಹಿಂದೆ ದುಡಿದವರಲ್ಲಿ ನಮ್ಮ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಖ್ಯರು. 2003ರಲ್ಲಿ ಓಖ್ಲಾದಿಂದ ಲಿನಕ್ಸ್ ಫಾರ್ ಯು ಶುರುವಾಯಿತು, ಅದರ ಜೊತೆಗೂ ಡಿಸ್ಕ್. ಇನ್ನು ನೆಹರೂ ಪ್ಲೇಸ್ ಇದ್ದೇ ಇತ್ತಲ್ಲ. ಆ ಡಿಸ್ಕ್‌ಗಳಲ್ಲಿ ಪರ್ಲ್ ಇರ್ತಿತ್ತು, ಹೆಚ್ಚು ಬಳಕೆಯ ಮಾಡ್ಯೂಲ್‌ಗಳೂ ಆರ್‌ಪಿಎಂ ರೂಪದಲ್ಲಿ ಇರ್ತಿದ್ದವು. ಹಾಗಾಗಿ ಇಲ್ಲಿನ ಹಳೇ ಸರ್ವರ್‌ಗಳಲ್ಲಿ "ಡಿಸ್ಕ್‌ನಲ್ಲಿ ಇದ್ದದ್ದು" ಮತ್ತು "ಆಮೇಲೆ ಯಾರೋ ಇಳಿಸಿಕೊಂಡಿದ್ದು" ಅನ್ನೋ ಎರಡು ಪದರ ಕಾಣುತ್ತೆ. ಅಗೆದು ನೋಡುವವರಿಗೆ ಈ ಎರಡನ್ನೂ ಬೇರೆ ಮಾಡೋದೇ ಮೊದಲ ಕೆಲಸ.

ನಕಲುಗಳ ವಿಷಯ ಬಂತಲ್ಲ, ಸ್ವಲ್ಪ ಆಚೆ ಹೋಗಿಬರ್ತೀನಿ, ಬೈಬೇಡಿ. ನೆಹರೂ ಪ್ಲೇಸ್‌ನಿಂದ ಹೆಚ್ಚು ದೂರವಿಲ್ಲದ ಬಹಾಪುರದಲ್ಲಿ, ಈಸ್ಟ್ ಆಫ್ ಕೈಲಾಶ್ ಹತ್ತಿರ, ಒಂದು ಬಂಡೆ ಇದೆ. ಅದರ ಮೇಲೆ ಅಶೋಕನ ಕಿರು ಶಿಲಾಶಾಸನ ಇರೋದು ಗೊತ್ತಾಗಿದ್ದು 1966ರಲ್ಲಿ. ಅದೇ ಒಕ್ಕಣೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಇದೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇದೆ. ಒಂದೇ ಪಠ್ಯ, ಹಲವು ಊರು. ಪ್ರತಿಯೊಂದರಲ್ಲೂ ಸ್ಥಳೀಯ ವ್ಯತ್ಯಾಸ: ಮಸ್ಕಿಯದರಲ್ಲಿ ಅಶೋಕ ಅನ್ನೋ ಹೆಸರೇ ಇದೆ, ಬ್ರಹ್ಮಗಿರಿಯದು ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ್ದು ಅಂತ ಶುರುವಾಗುತ್ತೆ. ನನಗೆ ಇಷ್ಟವಾಗೋದು ಬ್ರಹ್ಮಗಿರಿಯ ಕೊನೆ. ಅಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ತಾನು ಲಿಪಿಕಾರ ಅನ್ನೋ ಪದವನ್ನ ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ, ಅದು ವಾಯವ್ಯ ಗಡಿಯ ಕಡೆಯ ಲಿಪಿ. ಅಷ್ಟು ದೂರದಿಂದ ಕೆಲಸಕ್ಕೆ ಅಂತ ಕರ್ನಾಟಕಕ್ಕೆ ಬಂದ ಗುಮಾಸ್ತ ಇರಬೇಕು. ನಾವು ಉಲ್ಟಾ ದಿಕ್ಕಿನಲ್ಲಿ ಬಂದಿದ್ದೀವಿ ಅಷ್ಟೆ.

ಸಿಪ್ಯಾನ್‌ಗೆ ವಾಪಸ್. ಅಲ್ಲೂ ಪ್ರತಿ ಕಂತೆಯ ಮೇಲೆ ಲೇಖಕರ ಹೆಸರಿದೆ. ಪಾಸ್‌ನಲ್ಲಿ ಎಲ್ಲರಿಗೂ ಒಂದು ಗುರುತು, ಪೂರ್ತಿ ದೊಡ್ಡಕ್ಷರಗಳಲ್ಲಿ, ಅದರ ಕೆಳಗೆ ಅವರ ಫೈಲ್‌ಗಳು. ಒಮ್ಮೆ ಸಲ್ಲಿಸಿದ ಫೈಲ್ ಹೆಸರಿನಲ್ಲೇ ಬೇರೆ ಫೈಲ್ ಸಲ್ಲಿಸೋಕೆ ಬಿಡಲ್ಲ, ತಿದ್ದಿದರೆ ಹೊಸ ಆವೃತ್ತಿ ಸಂಖ್ಯೆ ಕೊಡಲೇಬೇಕು. ಲೇಖಕರು ಹಳೇದನ್ನ ಅಳಿಸಿದರೂ ಬ್ಯಾಕ್‌ಪ್ಯಾನ್ ಅನ್ನೋ ಹಿಂದಿನ ಕೋಣೆಯಲ್ಲಿ ಅದು ಉಳಿಯುತ್ತೆ. 1998ರಲ್ಲಿ ಸಿಪ್ಯಾನ್ ಟೆಸ್ಟರ್ಸ್ ಶುರುವಾದ ಮೇಲೆ ಲೋಕದ ಎಲ್ಲೆಲ್ಲೋ ಇರುವ ಜನ ತಮ್ಮ ತಮ್ಮ ಮಷೀನ್‌ಗಳಲ್ಲಿ ಪ್ರತಿ ಮಾಡ್ಯೂಲಿನ ಟೆಸ್ಟ್ ಓಡಿಸಿ ವರದಿ ಕಳಿಸೋಕೆ ತೊಡಗಿದರು. ಆಮೇಲೆ ಬಂದ ಎಷ್ಟೋ ಭಾಷೆಗಳ ಭಂಡಾರಗಳು ಈ ಪಾಠಗಳನ್ನ ತಡವಾಗಿ ಕಲಿತವು ಅಂತ ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬನ್ನಿ.

ಹಾಕುವ ವಿಧಾನ ನಮ್ಮಲ್ಲಿ ವಯಸ್ಸಾದವರಿಗೆ ಬಾಯಿಪಾಠ. ಕಂತೆ ಬಿಚ್ಚು. ಪರ್ಲ್ ಮೇಕ್‌ಫೈಲ್ ಡಾಟ್ ಪಿಎಲ್. ಮೇಕ್. ಮೇಕ್ ಟೆಸ್ಟ್. ಮೇಕ್ ಇನ್‌ಸ್ಟಾಲ್. ಮೂರನೇದನ್ನ ಹಾರಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. 1997ರಲ್ಲಿ 5.004ರ ಜೊತೆಗೆ ಕೋನಿಗ್ ಅವರ ಸಿಪ್ಯಾನ್ ಡಾಟ್ ಪಿಎಂ ಬಂತು. ಅದು ಮೊದಲು ದೊಡ್ಡ ಸೂಚಿ ಫೈಲ್ ಒಂದನ್ನ ಇಳಿಸಿಕೊಂಡು, ಯಾವ ಮಾಡ್ಯೂಲ್ ಯಾರ ಯಾವ ಕಂತೆಯಲ್ಲಿದೆ ಅಂತ ನೋಡಿ, ಬೇಕಾದ ಉಳಿದವನ್ನೂ ತಾನೇ ತರುತ್ತೆ. ಮೊದಲ ಸಲ ಓಡಿಸಿದಾಗ ಅದು ಕೇಳುವ ಪ್ರಶ್ನೆಗಳು ಮಾತ್ರ ರೇಷನ್ ಕಾರ್ಡ್ ಅರ್ಜಿ ಥರ: ನಿಮ್ಮ ಜಿಜಿಪ್ ಎಲ್ಲಿದೆ, ಟಾರ್ ಎಲ್ಲಿದೆ, ಎಷ್ಟು ಜಾಗ ಕೊಡ್ತೀರಿ, ಯಾವ ಖಂಡದವರು, ಯಾವ ದೇಶದವರು, ಹತ್ತಿರದ ಯಾವ ನಕಲಿನಿಂದ ತರಲಿ. ಈಗಿನ ಆವೃತ್ತಿಗಳು ಒಂದೇ ಪ್ರಶ್ನೆ ಕೇಳಿ ಉಳಿದದ್ದನ್ನ ತಾವೇ ತುಂಬಿಕೊಳ್ತವೆ.

2002-03ರಲ್ಲಿ ಇಲ್ಲಿ ಕೆಲಸ ಮಾಡಿದ್ದವರಿಗೆ ಇನ್ನೊಂದು ನೆನಪಿರುತ್ತೆ. 2002ರ ಸೆಪ್ಟೆಂಬರ್‌ನಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 8.0 ತನ್ನ ಡೀಫಾಲ್ಟ್ ಭಾಷಾ ಸೆಟ್ಟಿಂಗನ್ನ ಯುಟಿಎಫ್-8ಕ್ಕೆ ಬದಲಾಯಿಸಿತು. ಕನ್ನಡದಂಥ ಭಾಷೆಗೆ ಇದು ಒಳ್ಳೇ ಸುದ್ದಿ. ಆದರೆ ಅದರಲ್ಲಿದ್ದ ಪರ್ಲ್ 5.8.0, ಸೆಟ್ಟಿಂಗ್ ಯುಟಿಎಫ್-8 ಅಂತ ಕಂಡರೆ ಓದುವ ಎಲ್ಲ ಫೈಲನ್ನೂ ಯೂನಿಕೋಡ್ ಅಂತಲೇ ಭಾವಿಸ್ತಿತ್ತು. ಪರಿಣಾಮ, ಮಾಡ್ಯೂಲ್ ಹಾಕೋಕೆ ಹೋದರೆ ಮೇಕ್‌ಫೈಲೇ ಹಾಳಾಗಿ ಹುಟ್ಟೋದು, ಮೇಕ್ "ಮಿಸ್ಸಿಂಗ್ ಸೆಪರೇಟರ್" ಅಂತ ಕೈಚೆಲ್ಲೋದು. ಮದ್ದು ಏನಪ್ಪಾ ಅಂದರೆ ಲ್ಯಾಂಗ್ ಈಕ್ವಲ್ಸ್ ಸಿ ಅಂತ ಮುಂದೆ ಹಾಕಿ ಓಡಿಸೋದು. ಅಂದರೆ ಭಾಷೆಯೇ ಇಲ್ಲ ಅಂತ ನಟಿಸೋದು. 2003ರ ಸೆಪ್ಟೆಂಬರ್‌ನ 5.8.1ರಲ್ಲಿ ಆ ನಡವಳಿಕೆ ವಾಪಸ್ ತಗೊಂಡರು. ಮದ್ದು ಮಾತ್ರ ಸ್ಕ್ರಿಪ್ಟ್‌ಗಳ ತಲೆಮೇಲೆ ವರ್ಷಗಟ್ಟಲೆ ಉಳೀತು. ಕಾಯಿಲೆ ಹೋದ ಮೇಲೂ ಮಾತ್ರೆ ನುಂಗುವ ಹಾಗೆ.

ಈಗ ಮುಖ್ಯ ವಿಷಯ. ಲಿನಕ್ಸ್‌ನಲ್ಲಿ ಒಂದು ಪರ್ಲ್ ಮಾಡ್ಯೂಲ್ ಬರೋಕೆ ಎರಡು ದಾರಿ. ಒಂದು, ಡಿಸ್ಟ್ರೋದವರು ಪ್ಯಾಕ್ ಮಾಡಿಟ್ಟಿದ್ದು. ಇನ್ನೊಂದು, ಸಿಪ್ಯಾನ್‌ನಿಂದ ನೇರ. ಡೆಬಿಯನ್, ಉಬುಂಟುಗಳಲ್ಲಿ ಮಾಡ್ಯೂಲಿನ ಹೆಸರನ್ನ ಸಣ್ಣಕ್ಷರಕ್ಕೆ ತಿರುಗಿಸಿ, ಜೋಡಿ ಕೋಲನ್ ಬದಲು ಅಡ್ಡಗೆರೆ ಹಾಕಿ, ಮುಂದೆ ಲಿಬ್, ಹಿಂದೆ ಪರ್ಲ್ ಸೇರಿಸಿದರೆ ಪ್ಯಾಕೇಜ್ ಹೆಸರು ಸಿಗುತ್ತೆ. ಸ್ಪ್ರೆಡ್‌ಶೀಟ್ ಪಾರ್ಸ್‌ಎಕ್ಸೆಲ್ ಆಗೋದು ಲಿಬ್-ಸ್ಪ್ರೆಡ್‌ಶೀಟ್-ಪಾರ್ಸ್‌ಎಕ್ಸೆಲ್-ಪರ್ಲ್. ರೆಡ್ ಹ್ಯಾಟ್ ಕುಟುಂಬದಲ್ಲಿ ಪರ್ಲ್ ಮುಂದೆ ಬರುತ್ತೆ, ಅಕ್ಷರ ಹಾಗೇ ಇರುತ್ತೆ. ಅಲ್ಲಿ ಇನ್ನೂ ಒಂದು ಸೌಲಭ್ಯ ಇದೆ, ಹೆಚ್ಚಿನವರು ಬಳಸಲ್ಲ: ಪರ್ಲ್ ಅಂತ ಬರೆದು ಬ್ರಾಕೆಟ್ ಒಳಗೆ ಮಾಡ್ಯೂಲಿನ ನಿಜ ಹೆಸರು ಕೊಟ್ಟರೆ ಯಮ್ ಅಥವಾ ಡಿಎನ್‌ಎಫ್ ತಾನೇ ಸರಿಯಾದ ಪ್ಯಾಕೇಜ್ ಹುಡುಕುತ್ತೆ. ಡೆಬಿಯನ್‌ನಲ್ಲಿ ಆ ಕೆಲಸಕ್ಕೆ ಆಪ್ಟ್-ಫೈಲ್. ಹಾಕುವ ಮೊದಲು ಕೋರ್‌ಲಿಸ್ಟ್ ಓಡಿಸಿ ನೋಡಿ, ಆ ಮಾಡ್ಯೂಲ್ ಪರ್ಲ್ ಜೊತೆಗೇ ಬರುವಂಥದ್ದೋ, ಬಂದಿದ್ದರೆ ಯಾವ ಆವೃತ್ತಿಯಿಂದ ಅಂತ ಹೇಳುತ್ತೆ. ಒಂದು ತಮಾಷೆ: ಸೆಂಟ್‌ಓಎಸ್‌ನ ಕನಿಷ್ಠ ಇನ್‌ಸ್ಟಾಲ್‌ನಲ್ಲಿ ಸಿಪ್ಯಾನ್ ಡಾಟ್ ಪಿಎಂ ಕೂಡ ಬೇರೆ ಪ್ಯಾಕೇಜ್. ಬಾವಿಗೆ ಇಳಿಯೋ ಹಗ್ಗ ಬಾವಿಯೊಳಗೇ ಇದ್ದ ಹಾಗೆ.

ಎರಡು ದಾರಿಯಲ್ಲಿ ಯಾವುದು ಸರಿ ಅನ್ನೋ ಜಗಳ ಹಳೇದು. ಡಿಸ್ಟ್ರೋ ದಾರಿಯಲ್ಲಿ ಬಂದಿದ್ದಕ್ಕೆ ಲೆಕ್ಕ ಇರುತ್ತೆ, ಭದ್ರತಾ ತಿದ್ದುಪಡಿ ತಾನಾಗಿ ಬರುತ್ತೆ, ಆದರೆ ಆವೃತ್ತಿ ಹಳೇದು. ಸಿಪ್ಯಾನ್ ದಾರಿಯಲ್ಲಿ ಎಲ್ಲವೂ ಹೊಸದು, ಆದರೆ ರೂಟ್ ಆಗಿ ಓಡಿಸಿದರೆ ಯಾರೋ ಬರೆದ ಕೋಡ್, ಅದರ ಟೆಸ್ಟ್‌ಗಳ ಸಮೇತ, ನಿಮ್ಮ ಮಷೀನಿನಲ್ಲಿ ರೂಟ್ ಆಗಿ ಓಡುತ್ತೆ. ಇನ್ನೊಂದು ತೊಡಕು, ಅಟ್-ಇಂಕ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಪ್ಯಾನ್‌ನಿಂದ ಬಂದವುಗಳ ಜಾಗ ಮೊದಲು, ಡಿಸ್ಟ್ರೋದವು ಆಮೇಲೆ. ಮೊದಲು ಸಿಕ್ಕಿದ್ದೇ ಗೆಲ್ಲೋದು ಅಂತ ಆಗಲೇ ಹೇಳಿದೆನಲ್ಲ. ಹತ್ತು ವರ್ಷದ ಹಿಂದೆ ಯಾರೋ ಕೈಯಿಂದ ಹಾಕಿದ ಮಾಡ್ಯೂಲ್ ಮುಂದಿನ ಮನೆಯಲ್ಲಿ ಕೂತಿದ್ದರೆ, ಯಮ್ ಎಷ್ಟೇ ಸಲ ಹೊಸದು ತಂದರೂ ಸ್ಕ್ರಿಪ್ಟ್ ಹಳೇದನ್ನೇ ಓದುತ್ತೆ. ಅಪ್‌ಡೇಟ್ ಆಯ್ತು ಅಂತ ರಿಪೋರ್ಟ್ ಹೋಗುತ್ತೆ, ಮಷೀನಿಗೆ ಗೊತ್ತೇ ಇಲ್ಲ.

ಇದರಿಂದ ಏನಾಗಬಹುದು ಅಂತ ನಾನು ಹತ್ತಿರದಿಂದ ನೋಡಿದ್ದು 2020ರ ಡಿಸೆಂಬರ್‌ನಲ್ಲಿ. ಸೆಂಟ್‌ಓಎಸ್ 6ರ ಆಯಸ್ಸು ನವೆಂಬರ್ 30ಕ್ಕೆ ಮುಗಿದಿತ್ತು. ಅದರ ಪ್ಯಾಕೇಜ್‌ಗಳನ್ನ ಹಳೇ ಸಾಮಾನಿನ ಉಗ್ರಾಣಕ್ಕೆ ಸಾಗಿಸಿದ ಮೇಲೆ, ಹಳೇ ವಿಳಾಸ ಹಿಡಿದು ಹೋದ ಯಮ್ ಬರಿಗೈಯಲ್ಲಿ ವಾಪಸ್ ಬರ್ತಿತ್ತು. ನೊಯ್ಡಾದ ಒಂದು ಕಂಪನಿ, ಹೆಸರು ಬೇಡ, ಅಲ್ಲಿ ಅಂಥದ್ದೇ ಒಂದು ಸರ್ವರ್. ಅದರ ಕೆಲಸ ತಿಂಗಳಿಗೊಮ್ಮೆ: ಹಾಜರಿ ಮಷೀನಿನ ಎಕ್ಸೆಲ್ ಫೈಲ್‌ಗಳನ್ನ ಓದಿ, ಕಾಂಟ್ರ್ಯಾಕ್ಟ್ ಮೇಲಿದ್ದ ಗಾರ್ಡ್‌ಗಳು, ಹೌಸ್‌ಕೀಪಿಂಗ್‌ನವರು ಎಷ್ಟು ದಿನ ಬಂದಿದ್ದಾರೆ ಅಂತ ಲೆಕ್ಕ ಹಾಕಿ ಬ್ಯಾಂಕಿಗೆ ಕೊಡುವ ಸಂಬಳದ ಫೈಲ್ ಮಾಡೋದು. ಏಳನೇ ತಾರೀಖಿನೊಳಗೆ ದುಡ್ಡು ಹೋಗಬೇಕು. ಲಾಕ್‌ಡೌನ್ ಕಳೆದ ವರ್ಷ ಅದು, ಆ ಜನರ ಮನೆಗಳಲ್ಲಿ ಏನು ಪರಿಸ್ಥಿತಿ ಇತ್ತು ಅಂತ ಇಲ್ಲಿದ್ದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಸ್ಕ್ರಿಪ್ಟನ್ನ ಹೊಸ ಸೆಂಟ್‌ಓಎಸ್ 7ಕ್ಕೆ ಸಾಗಿಸೋ ಕೆಲಸ ನಮ್ಮ ಟೀಮಿಗೆ ಬಂತು. ಓಡಿಸಿದರೆ ಅದೇ, ಅಟ್-ಇಂಕ್‌ನಲ್ಲಿ ಸಿಗಲಿಲ್ಲ. ಮೊದಲು ಅಲ್ಲಿದ್ದ ಹುಡುಗ ಧಾರವಾಡದ ಕಡೆಯವನು, ಈಗ ಬೆಂಗಳೂರಿನಲ್ಲಿದ್ದಾನೆ. ಫೋನ್ ಮಾಡಿದೆ. "ಅದು ನಾ ಬರೂ ಮೊದ್ಲ ಇತ್ರೀ ಸರ್. ನಾ ಏನೂ ಮುಟ್ಟಿಲ್ರೀ, ಓಡಾಕತ್ತಿತ್ತು, ಬಿಟ್ಟೆ" ಅಂದ. ಅವನ ತಪ್ಪೇನೂ ಇಲ್ಲ. ಓಡೋ ಸ್ಕ್ರಿಪ್ಟನ್ನ ಮುಟ್ಟಬಾರದು ಅನ್ನೋದು ನಮ್ಮ ಇಡೀ ಪೀಳಿಗೆಯ ಧರ್ಮ.

ಸುಲಭದ ದಾರಿ ಇತ್ತು. ಎರರ್ ಹೇಳಿದ ಮಾಡ್ಯೂಲ್‌ಗಳನ್ನ ಒಂದೊಂದಾಗಿ ಹಾಕಿಬಿಟ್ಟರೆ ಸ್ಕ್ರಿಪ್ಟ್ ಓಡುತ್ತೆ. ನಾನು ಹಳೇ ಸರ್ವರನ್ನ ಮೊದಲು ಓದೋಣ ಅಂದೆ. ಸಿಪ್ಯಾನ್ ದಾರಿಯಲ್ಲಿ ಹಾಕಿದ ಮಾಡ್ಯೂಲ್‌ಗಳಿಗೆ ಪರ್ಲ್ ಒಂದು ದಾಖಲೆ ಇಡುತ್ತೆ, ಬಹಳ ಜನಕ್ಕೆ ಇದು ಗೊತ್ತಿಲ್ಲ: ಪರ್ಲ್‌ಲೋಕಲ್ ಡಾಟ್ ಪಾಡ್. ಪರ್ಲ್‌ಡಾಕ್ ಪರ್ಲ್‌ಲೋಕಲ್ ಅಂತ ಕೊಟ್ಟರೆ ತೆರೆದುಕೊಳ್ಳುತ್ತೆ. ಪ್ರತಿ ನಮೂದಿನಲ್ಲಿ ದಿನಾಂಕ, ಸಮಯ, ಮಾಡ್ಯೂಲಿನ ಹೆಸರು, ಎಲ್ಲಿ ಹಾಕಿದ್ದು, ಯಾವ ಆವೃತ್ತಿ. ಶಾಸನದ ಥರವೇ, ಹಳೇದು ಮೇಲೆ, ಹೊಸದು ಕೆಳಗೆ. ನಾಲ್ಕು ವರ್ಷಗಳಲ್ಲಿ ಹರಡಿದ್ದ ಇಪ್ಪತ್ತಕ್ಕೂ ಹೆಚ್ಚು ನಮೂದು ಸಿಕ್ಕವು. ಎಷ್ಟೋ ನಮೂದು ತಿಂಗಳ ಮೊದಲ ವಾರದ್ದು, ರಾತ್ರಿ ಹನ್ನೊಂದು, ಹನ್ನೆರಡು ಗಂಟೆಯದ್ದು. ಆ ರಾತ್ರಿಗಳು ಹೇಗಿದ್ದವು ಅಂತ ಊಹಿಸಬಹುದು. ಹಾಕಿದವರ ಹೆಸರು ಮಾತ್ರ ಅದರಲ್ಲಿ ಇರಲ್ಲ. ಎಲ್ಲರೂ ರೂಟ್.

ಅದರ ಜೊತೆಗೆ ಡಾಟ್ ಪ್ಯಾಕ್‌ಲಿಸ್ಟ್ ಅನ್ನೋ ಸಣ್ಣ ಫೈಲ್‌ಗಳಿರ್ತವೆ, ಯಾವ ಮಾಡ್ಯೂಲ್ ಯಾವ ಯಾವ ಫೈಲ್ ತಂದಿಟ್ಟಿತು ಅಂತ. ಆರ್‌ಪಿಎಂಗೆ ಮೈನಸ್ ಕ್ಯುಎಫ್ ಕೊಟ್ಟು ಒಂದು ಫೈಲಿನ ವಿಳಾಸ ಹೇಳಿದರೆ ಅದು ಯಾವ ಪ್ಯಾಕೇಜಿನದು ಅಂತ ಹೇಳುತ್ತೆ, ಯಾವುದಕ್ಕೂ ಸೇರಿಲ್ಲದಿದ್ದರೆ ಹಾಗೆಂದೂ ಹೇಳುತ್ತೆ. ಹೀಗೆ ಡಿಸ್ಟ್ರೋದವು ಒಂದು ಕಡೆ, ಕೈಯಿಂದ ಹಾಕಿದವು ಇನ್ನೊಂದು ಕಡೆ ಮಾಡಿದೆವು. ಡಿಸ್ಟ್ರೋದವು ಬದಲಾಗಿವೆಯೋ ಇಲ್ಲವೋ ಅಂತ ಆರ್‌ಪಿಎಂ ಮೈನಸ್ ದೊಡ್ಡ ವಿ ಪರೀಕ್ಷಿಸಿ ಹೇಳುತ್ತೆ. ಕೈಯಿಂದ ಹಾಕಿದವಕ್ಕೆ ಆ ಸೌಕರ್ಯ ಇಲ್ಲ. ಹಾಗಾಗಿ ಪರ್ಲ್‌ಲೋಕಲ್ ಹೇಳಿದ ಅದೇ ಆವೃತ್ತಿಗಳನ್ನ ಬ್ಯಾಕ್‌ಪ್ಯಾನ್‌ನಿಂದ ಇಳಿಸಿ ಡಿಫ್ ಹಾಕಿದೆವು. ತಾಳೆಗರಿ ಪ್ರತಿಗಳನ್ನ ಎದುರುಬದುರು ಇಟ್ಟು ಪಾಠಾಂತರ ಗುರುತಿಸುವವರು ಮಾಡೋದೂ ಇದನ್ನೇ.

ಎಲ್ಲ ಹೊಂದಿಕೊಂಡವು, ಒಂದು ಬಿಟ್ಟು. ಸ್ಪ್ರೆಡ್‌ಶೀಟ್ ಪಾರ್ಸ್‌ಎಕ್ಸೆಲ್‌ನಲ್ಲಿ ದಿನಾಂಕವನ್ನ ಯಾವ ರೂಪದಲ್ಲಿ ಕೊಡಬೇಕು ಅಂತ ಹೇಳುವ ಫೈಲಿನಲ್ಲಿ ಯಾರೋ ಕೈಯಾಡಿಸಿದ್ದರು. ಒಂದೇ ಒಂದು ಸಾಲು. ಹಾಜರಿ ಮಷೀನಿನ ತಾರೀಖುಗಳು ದಿನ ಮೊದಲು, ತಿಂಗಳು ಆಮೇಲೆ ಬರಲಿ ಅಂತ. ಸ್ಕ್ರಿಪ್ಟ್ ಅದನ್ನೇ ನಂಬಿಕೊಂಡು ಬರೆದಿದ್ದು. ಮೂಲ ಮಾಡ್ಯೂಲ್ ಹಾಕಿದ್ದರೆ ಎಲ್ಲ ಟೆಸ್ಟೂ ಪಾಸ್ ಆಗ್ತಿತ್ತು, ಸ್ಕ್ರಿಪ್ಟ್ ಎರರ್ ಇಲ್ಲದೆ ಮುಗೀತಿತ್ತು, ಬ್ಯಾಂಕಿಗೆ ಫೈಲೂ ಹೋಗ್ತಿತ್ತು. ಆದರೆ ಹಾಜರಿಯ ಎಷ್ಟೋ ದಿನ ಬೇರೆ ತಿಂಗಳ ಲೆಕ್ಕಕ್ಕೆ ಹೋಗಿ, ಇಪ್ಪತ್ತಾರು ದಿನ ದುಡಿದವನಿಗೆ ಎಷ್ಟು ದಿನದ ಸಂಬಳ ಬರ್ತಿತ್ತೋ ದೇವರೇ ಬಲ್ಲ. ಅವನು ಯಾರನ್ನ ಕೇಳಬೇಕು? ಗುತ್ತಿಗೆದಾರ ಕಂಪನಿ ಕಡೆ ಕೈ ತೋರಿಸ್ತಾನೆ, ಕಂಪನಿ ಸಿಸ್ಟಮ್ ಕಡೆ. ಸಿಸ್ಟಮ್‌ನಲ್ಲಿ ಎರರ್ ಇಲ್ಲವೇ ಇಲ್ಲ.

ಆ ಸಾಲನ್ನ ಮಾಡ್ಯೂಲ್‌ನಿಂದ ತೆಗೆದು, ತಾರೀಖು ಬಿಡಿಸುವ ಕೆಲಸವನ್ನ ಸ್ಕ್ರಿಪ್ಟ್ ಒಳಗೇ ತಂದೆವು. ಮೂರು ತಿಂಗಳ ಹಳೇ ಹಾಜರಿಯನ್ನ ಎರಡೂ ಸರ್ವರ್ ಮೇಲೆ ಓಡಿಸಿ, ಬಂದ ಫೈಲ್‌ಗಳು ಅಕ್ಷರಕ್ಕೆ ಅಕ್ಷರ ಒಂದೇ ಅಂತ ನೋಡಿಕೊಂಡ ಮೇಲೆ ಹೊಸದಕ್ಕೆ ಬದಲಾಯಿಸಿದೆವು. ಆ ತಿಂಗಳ ಸಂಬಳ ಆರನೇ ತಾರೀಖು ಹೋಯಿತು. ಆ ಸಾಲು ತಿದ್ದಿದ ಮನುಷ್ಯ ಯಾರೋ, ಬುದ್ಧಿವಂತನೇ ಇರಬೇಕು, ಸರಿಯಾದ ಸಾಲನ್ನೇ ಹುಡುಕಿದ್ದಾನೆ. ಒಂದು ಕಾಮೆಂಟ್ ಹಾಕಿ, ಕೆಳಗೆ ಹೆಸರು ಬರೆದಿದ್ದರೆ ನಮಗೆ ನಾಲ್ಕು ದಿನ ಉಳೀತಿತ್ತು.

ಈಗ ಶುರು ಮಾಡುವವರಿಗೆ ಇಷ್ಟು ಕಷ್ಟ ಇಲ್ಲ. ಲೋಕಲ್-ಲಿಬ್ ಇದೆ, ರೂಟ್ ಇಲ್ಲದೆ ನಿಮ್ಮ ಹೋಮ್ ಡೈರೆಕ್ಟರಿಯಲ್ಲೇ ಮಾಡ್ಯೂಲ್ ಇಟ್ಟುಕೊಳ್ಳಬಹುದು. 2010ರಲ್ಲಿ ತತ್ಸುಹಿಕೊ ಮಿಯಾಗಾವಾ ಕೊಟ್ಟ ಸಿಪ್ಯಾನ್‌ಎಂ ಇದೆ, ಪ್ರಶ್ನೆ ಕೇಳದೆ ಕೆಲಸ ಮಾಡುತ್ತೆ. ಸ್ಕ್ರಿಪ್ಟಿನ ಪಕ್ಕ ಸಿಪ್ಯಾನ್‌ಫೈಲ್ ಅಂತ ಒಂದು ಫೈಲ್ ಇಟ್ಟು, ಯಾವ ಮಾಡ್ಯೂಲ್, ಯಾವ ಆವೃತ್ತಿ ಅಂತ ಬರೆದಿಟ್ಟರೆ ಮುಂದಿನವನಿಗೆ ಅಗೆಯುವ ಕೆಲಸ ಇಲ್ಲ. ಹಳೇ ಸ್ಕ್ರಿಪ್ಟ್ ಸಾಗಿಸುವವರಿಗೆ ಒಂದು ಎಚ್ಚರಿಕೆ: 2017ರ 5.26ರಿಂದ ಅಟ್-ಇಂಕ್ ಪಟ್ಟಿಯ ಕೊನೆಯಲ್ಲಿದ್ದ ಚುಕ್ಕೆ, ಅಂದರೆ ಈಗ ನಿಂತಿರುವ ಡೈರೆಕ್ಟರಿ, ಭದ್ರತೆಯ ಕಾರಣಕ್ಕೆ ಹೋಯಿತು. ಸ್ಕ್ರಿಪ್ಟ್ ಪಕ್ಕದಲ್ಲೇ ಮಾಡ್ಯೂಲ್ ಕಣ್ಣಿಗೆ ಕಾಣ್ತಿರುತ್ತೆ, ಪರ್ಲ್‌ಗೆ ಮಾತ್ರ ಕಾಣಲ್ಲ.

ಕೊನೆಗೆ ನಮ್ಮದೇ ಒಂದು ಮಾಡ್ಯೂಲ್ ತೋರಿಸಿ ಮುಗಿಸ್ತೀನಿ. ನವೆಂಬರ್ ಬಂತೆಂದರೆ ನಮ್ಮ ಸೊಸೈಟಿಯ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡ್ತೀವಿ, ಅದಕ್ಕೊಂದು ಹೆಸರಿನ ಪಟ್ಟಿ. ಒಬ್ಬರು ಮೊಬೈಲ್‌ನಲ್ಲಿ ಟೈಪ್ ಮಾಡಿರ್ತಾರೆ, ಇನ್ನೊಬ್ಬರು ಬೇರೆ ಕೀಬೋರ್ಡ್‌ನಲ್ಲಿ. ಶೋಭಾ ಅನ್ನೋ ಹೆಸರಿನ ಓಕಾರ ಒಬ್ಬರದರಲ್ಲಿ ಒಂದೇ ಸಂಕೇತ, ಇನ್ನೊಬ್ಬರದರಲ್ಲಿ ತುಂಡು ತುಂಡು ಸೇರಿಸಿದ್ದು, ನೋಡೋಕೆ ಎರಡೂ ಒಂದೇ. ರಾಜ್‌ಕುಮಾರ್ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತೆ. ಸಾದಾ ಸಾರ್ಟ್ ಕೊಟ್ಟರೆ ಇಂಥವೆಲ್ಲ ಬೇರೆ ಬೇರೆ ಕಡೆ ಚೆದುರುತ್ತವೆ, "ನನ್ನ ಹೆಸರೇ ಇಲ್ವಲ್ಲ ಸರ್" ಅಂತ ಫೋನ್ ಶುರು. ಇದಕ್ಕೆ ಯೂನಿಕೋಡ್ ಕೊಲೇಟ್ ಲೊಕೇಲ್ ಅನ್ನೋ ಮಾಡ್ಯೂಲ್ ಇದೆ, ಲೊಕೇಲ್ ಕೆಎನ್ ಅಂತ ಕೊಟ್ಟರೆ ಕನ್ನಡದ ಕ್ರಮದಲ್ಲಿ ಜೋಡಿಸುತ್ತೆ: ಕಾಣದ ಅಕ್ಷರಗಳನ್ನ ಬದಿಗಿಟ್ಟು, ಎರಡು ರೂಪದ ಓಕಾರವನ್ನ ಒಂದೇ ಅಂತ ತಿಳಿದು, ಅನುಸ್ವಾರ ವಿಸರ್ಗಗಳಿಗೆ ನಮ್ಮ ಕಾಗುಣಿತದ ಹಾಗೆ ಔಕಾರ ಆದ ಮೇಲೆ ಜಾಗ ಕೊಟ್ಟು. ಬರೆದವರು ಜಪಾನಿನ ಸದಾಹಿರೊ ತೊಮೊಯುಕಿ.

ಇದನ್ನ ಬೇರೆ ಹುಡುಕಬೇಕಿಲ್ಲ, ಪರ್ಲ್ ಜೊತೆಗೇ ಬರುತ್ತೆ. ರೆಡ್ ಹ್ಯಾಟ್ ಕುಟುಂಬದಲ್ಲಿ ಮಾತ್ರ ಪರ್ಲ್-ಯೂನಿಕೋಡ್-ಕೊಲೇಟ್ ಅಂತ ಬೇರೆ ಪ್ಯಾಕೇಜ್ ಮಾಡಿದ್ದಾರೆ, ಒಂದು ಡಿಎನ್‌ಎಫ್ ಸಾಕು. ಡೈರೆಕ್ಟರಿಯಲ್ಲಿ ಕೊಲೇಟ್, ಅದರೊಳಗೆ ಲೊಕೇಲ್ ಅಂತ ಇಳಿದರೆ ಕೆಎನ್ ಡಾಟ್ ಪಿಎಲ್ ಅನ್ನೋ ಪುಟ್ಟ ಫೈಲ್ ಸಿಗುತ್ತೆ. ಸೋಮವಾರ ಆಫೀಸಿಗೆ ಹೋದಾಗ ನಿಮ್ಮ ಸರ್ವರ್‌ನಲ್ಲಿ ಅದು ಎಲ್ಲಿದೆ ಅಂತ ಹುಡುಕಿ ನೋಡಿ. ಹಾಗೇ ಪರ್ಲ್‌ಡಾಕ್ ಪರ್ಲ್‌ಲೋಕಲ್ ಒಮ್ಮೆ ಕೊಡಿ, ಮೊದಲ ನಮೂದು ಯಾವ ವರ್ಷದ್ದು ಅಂತ ಕೆಳಗೆ ಬರೆಯಿರಿ. ಮುಂದಿನ ವಾರ ಕ್ರಾನ್ ಬಗ್ಗೆ ಮಾತಾಡೋಣ.